ಸ್ಯಾಂಡ್‌ವಿಚ್ ಪಾರ್ಸಲ್‌ಗೆ ಆನ್‌ಲೈನ್‌ನಲ್ಲಿ ಮುಂಗಡ ಆರ್ಡರ್: ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಐ.ಜಿ. ರಸ್ತೆಯಲ್ಲೋ ಭಾನುವಾರ ಬೆಳಿಗ್ಗೆ ಯಾವುದಾದರೂ ಬೇಕರಿಯ ಗಲ್ಲಾದ ಪಕ್ಕ ಸ್ವಲ್ಪ ಹೊತ್ತು ನಿಂತರೆ ಒಂದೇ ಬಗೆಯ ಮಾತುಕತೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಗ್ರಾಹಕರು ಫೋನ್ ಮುಂದೆ ಹಿಡಿದು ‘ಆಗಲೇ ಆರ್ಡರ್ ಮಾಡಿದ್ದೇವೆ, ದುಡ್ಡೂ ಕಟ್ ಆಗಿದೆ’ ಎನ್ನುತ್ತಾರೆ. ಗಲ್ಲಾದಲ್ಲಿರುವವರು ತಮ್ಮ ಪರದೆ ನೋಡಿ ‘ನಮಗೆ ಬಂದಿಲ್ಲ ಸಾರ್’ ಎನ್ನುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಇಬ್ಬರ ಮಾತೂ ನಿಜವೇ ಆಗಿರುತ್ತದೆ. ಖಾತೆಯಿಂದ ಹಣ ಹೋಗುವುದು, ಆರ್ಡರ್ ಅಂಗಡಿಗೆ ತಲುಪುವುದು ಮತ್ತು ಅಂಗಡಿಯವರು ಅದನ್ನು ಒಪ್ಪಿಕೊಳ್ಳುವುದು ಮೂರು ಬೇರೆ ಬೇರೆ ಸಂಗತಿಗಳಾಗಿದ್ದು, ಮೂರನೆಯದು ನಡೆಯುವ ತನಕ ಗ್ರಿಲ್ ಮೇಲೆ ಒಂದು ಬ್ರೆಡ್ ಕೂಡ ಏರುವುದಿಲ್ಲ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಅನುಸರಿಸಬೇಕು. ಕ್ರಮ ತಪ್ಪಿದಾಗಲೇ ಹೆಚ್ಚಿನ ಎಡವಟ್ಟುಗಳು ಆಗುತ್ತವೆ.

ಹಂತ 1: ಆ್ಯಪ್ ತೆರೆಯುವ ಮೊದಲು ಒಂದು ಚೀಟಿ

ಬೇಕಾಗುವ ಸಾಮಗ್ರಿ ಕಡಿಮೆ: ಚಾರ್ಜ್ ಇರುವ ಫೋನ್, ಒಟಿಪಿ ಬರುವ ಸಿಮ್ ಅದರಲ್ಲಿಯೇ ಇರುವುದು, ಯುಪಿಐ ಆ್ಯಪ್, ಅಂಗಡಿಯ ದೂರವಾಣಿ ಸಂಖ್ಯೆ ಮತ್ತು ಒಂದು ಕಾಗದ. ಕಾಗದ ಹಳೆಯ ಕಾಲದ್ದೆನಿಸಿದರೂ ನನ್ನ ಅನುಭವದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ತಿನ್ನುವವರ ಹೆಸರು, ಸಸ್ಯಾಹಾರವೋ ಮೊಟ್ಟೆಯೋ ಮಾಂಸವೋ, ಯಾವ ಬ್ರೆಡ್, ಏನು ಹಾಕಬಾರದು ಎಂಬ ನಾಲ್ಕನ್ನು ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಬರೆದುಕೊಳ್ಳಬೇಕು. ಮೆನು ತೆರೆದಿಟ್ಟುಕೊಂಡು ಮನೆಯವರನ್ನೆಲ್ಲ ಕೇಳುತ್ತ ಹೋದರೆ ಯಾರೋ ಒಬ್ಬರ ಆಯ್ಕೆ ಎರಡು ಸಲ ಸೇರಿರುತ್ತದೆ, ಇನ್ನೊಬ್ಬರದು ಸೇರಿರುವುದೇ ಇಲ್ಲ.

ಹಂತ 2: ದಾರಿ ಯಾವುದೆಂದು ನಿರ್ಧರಿಸುವುದು

ಮುಂಗಡ ಆರ್ಡರ್‌ಗೆ ಮೂರು ದಾರಿಗಳಿವೆ. ಮನೆಗೆ ತಲುಪಿಸುವ ಆ್ಯಪ್‌ಗಳಲ್ಲಿ ಕೆಲವು ಅಂಗಡಿಗಳಿಗೆ ‘ಪಿಕಪ್’ ಅಥವಾ ‘ಟೇಕ್‌ಅವೇ’ ಎಂಬ ಆಯ್ಕೆ ಇರುತ್ತದೆ. ಕೆಲವು ಕೆಫೆಗಳಿಗೆ ಸ್ವಂತ ಜಾಲತಾಣವಿರುತ್ತದೆ. ನಮ್ಮಂತಹ ಊರುಗಳ ಬೇಕರಿಗಳು ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಕಳುಹಿಸಿದರೆ ಸಾಕೆನ್ನುತ್ತವೆ. ಒಂದೆರಡು ಸ್ಯಾಂಡ್‌ವಿಚ್‌ಗೆ ಆ್ಯಪ್ ಸಾಕು. ಆರಕ್ಕಿಂತ ಹೆಚ್ಚು ಬೇಕಿದ್ದರೆ ಅಂಗಡಿಗೆ ನೇರವಾಗಿ ವಾಟ್ಸ್‌ಆ್ಯಪ್‌ನಲ್ಲಿ ಬರೆದು, ಬಳಿಕ ಒಮ್ಮೆ ಕರೆ ಮಾಡಿ ದೃಢಪಡಿಸಿಕೊಳ್ಳುವುದೇ ಉತ್ತಮವೆಂದು ನನಗೆ ತೋರುತ್ತದೆ. ದೊಡ್ಡ ಆರ್ಡರ್‌ಗೆ ಬ್ರೆಡ್ ಸಾಲುತ್ತದೆಯೇ ಎಂಬುದನ್ನು ಆ್ಯಪ್ ಹೇಳುವುದಿಲ್ಲ, ಗಲ್ಲಾದಲ್ಲಿರುವವರು ಒಂದೇ ಮಾತಿನಲ್ಲಿ ಹೇಳುತ್ತಾರೆ. ಒಂದೇ ತಿಂಡಿಗೆ ಆ್ಯಪ್‌ನಲ್ಲಿ ಒಂದು ದರ, ಅಂಗಡಿಯ ಬೋರ್ಡಿನಲ್ಲಿ ಇನ್ನೊಂದು ದರ ಇರುವುದೂ ಉಂಟು.

ಅಂಗಡಿಯ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲದ ಹುಡುಕಾಟದಲ್ಲಿ ಮೊದಲು ಕಂಡ ಜಾಹೀರಾತಿನಿಂದ ತೆಗೆದುಕೊಳ್ಳಬಾರದು. ಹಳೆಯ ಬಿಲ್, ಅಂಗಡಿಯ ಫಲಕ ಅಥವಾ ಪ್ಯಾಕಿಂಗ್ ಡಬ್ಬಿಯ ಮೇಲಿರುವ ಸಂಖ್ಯೆಯೇ ನಂಬಲರ್ಹ. ಆಹಾರ ಮಾರುವ ಪ್ರತಿಯೊಂದು ಅಂಗಡಿಗೂ ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೀಡುವ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಬೇಕು. 2022ರ ಜನವರಿ 1ರಿಂದ ಅದನ್ನು ಬಿಲ್‌ನಲ್ಲಿ ಮುದ್ರಿಸುವುದು ಕಡ್ಡಾಯವಾಗಿದ್ದು, ಆ್ಯಪ್‌ಗಳಲ್ಲಿ ಮೆನುವಿನ ಕೊನೆಯವರೆಗೆ ಇಳಿದರೆ ಸಿಗುತ್ತದೆ. ಹೊಸ ಅಂಗಡಿಯಾಗಿದ್ದು ಆ ಸಂಖ್ಯೆ ಎಲ್ಲಿಯೂ ಕಾಣದಿದ್ದರೆ ಮುಂಗಡ ಹಣ ಕಳುಹಿಸದಿರುವುದು ಲೇಸು.

ಹಂತ 3: ಶಾಖೆ ಮತ್ತು ‘ಪಿಕಪ್’ ಗುಂಡಿ

ಈ ಹಂತಕ್ಕೆ ಬೇಕಾಗುವುದು ಅರ್ಧ ನಿಮಿಷ. ಬಿಟ್ಟರೆ ಹಾಳಾಗುವುದು ಇಡೀ ಬೆಳಗು. ಬಹುತೇಕ ಆ್ಯಪ್‌ಗಳು ತೆರೆದ ಕೂಡಲೇ ‘ಡೆಲಿವರಿ’ಯನ್ನೇ ತೋರಿಸುತ್ತವೆ. ಪಿಕಪ್ ಆಯ್ಕೆ ಒಂದು ಮೂಲೆಯಲ್ಲಿ ಚಿಕ್ಕದಾಗಿ ಇರುವುದರಿಂದ, ಅದನ್ನು ಒತ್ತದೆ ಮುಂದುವರಿದವರ ತಿಂಡಿ ಮನೆಯ ವಿಳಾಸಕ್ಕೆ ಹೊರಟಿರುತ್ತದೆ. ಅವರು ಮಾತ್ರ ಅಂಗಡಿಯ ಮುಂದೆ ಕಾಯುತ್ತಿರುತ್ತಾರೆ. ಬಿಲ್‌ನಲ್ಲಿ ‘ಡೆಲಿವರಿ ಶುಲ್ಕ’ ಎಂಬ ಸಾಲು ಕಂಡರೆ ಆಯ್ಕೆ ತಪ್ಪಾಗಿದೆ ಎಂದೇ ಅರ್ಥ.

ಎರಡನೆಯದು ಶಾಖೆಯ ಗೊಂದಲ. ಒಮ್ಮೆ ಹಾಸನದಿಂದ ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಬರುವಾಗ, ಊರು ತಲುಪಿದ ಕೂಡಲೇ ಪೊಟ್ಟಣ ಸಿಗಲಿ ಎಂದು ಹಾಸನದಿಂದ ಹೊರಡುವ ಮುನ್ನ ನಾಲ್ಕು ಗ್ರಿಲ್ ಸ್ಯಾಂಡ್‌ವಿಚ್ ಆರ್ಡರ್ ಮಾಡಿದ್ದೆ. ಆ ಅಂಗಡಿಗೆ ಎರಡೂ ಊರುಗಳಲ್ಲಿ ಶಾಖೆಯಿತ್ತು. ಫೋನ್ ಇದ್ದ ಜಾಗವನ್ನು ಹಿಡಿದು ಆ್ಯಪ್ ಹಾಸನದ ಶಾಖೆಯನ್ನು ಆರಿಸಿಕೊಂಡಿತ್ತು. ಬೇಲೂರು ದಾಟಿದ ಮೇಲೆ ‘ನಿಮ್ಮ ಆರ್ಡರ್ ಸಿದ್ಧವಾಗಿದೆ’ ಎಂಬ ಸಂದೇಶ ಬಂದಾಗ ನಾನು ಆ ತಿಂಡಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದ್ದೆ. ತಪ್ಪು ನನ್ನದೇ ಆದ್ದರಿಂದ ಹಣವೂ ಮರಳಲಿಲ್ಲ.

ಆದ್ದರಿಂದ ಫೋನಿನ ಸ್ಥಳಪತ್ತೆಯನ್ನು ನಂಬದೆ, ಪಿಕಪ್ ಆಗಬೇಕಾದ ಊರನ್ನೂ ರಸ್ತೆಯನ್ನೂ ಕೈಯಾರೆ ಟೈಪ್ ಮಾಡಬೇಕು. ಬಳಿಕ ನಕ್ಷೆ ತೆರೆದು ಗುರುತು ಸರಿಯಾದ ಕಟ್ಟಡದ ಮೇಲಿದೆಯೇ ಎಂದು ನೋಡಬೇಕು. ಚಿಕ್ಕಮಗಳೂರಿನಲ್ಲಿ ಎಂ.ಜಿ. ರಸ್ತೆ ಮತ್ತು ಐ.ಜಿ. ರಸ್ತೆಗಳ ಹೆಸರು ಅವಸರದಲ್ಲಿ ಒಂದರಂತೆ ಇನ್ನೊಂದು ಕಾಣುತ್ತದೆ, ಹಾಸನದಲ್ಲಿ ‘ಬಿ.ಎಂ. ರಸ್ತೆ’ ಎಂದಷ್ಟೇ ತಿಳಿದರೆ ಸಾಲದು, ಆ ರಸ್ತೆ ಬಹಳ ಉದ್ದವಾಗಿದೆ. ಹತ್ತಿರದ ವೃತ್ತದ ಅಥವಾ ಬಸ್ ನಿಲ್ದಾಣದ ಗುರುತು ಕೇಳಿಟ್ಟುಕೊಳ್ಳಬೇಕು.

ಹಂತ 4: ಸಮಯವನ್ನು ಹಿಂದಿನಿಂದ ಎಣಿಸುವುದು

ಮನೆಯಿಂದ ಯಾವಾಗ ಹೊರಡುತ್ತೇವೆ ಎಂಬುದರಿಂದ ಲೆಕ್ಕ ಆರಂಭಿಸುವುದು ಸಾಮಾನ್ಯ ತಪ್ಪು. ಯಾವಾಗ ತಿನ್ನುತ್ತೇವೆ ಎಂಬುದರಿಂದ ಆರಂಭಿಸಿ ಹಿಂದಕ್ಕೆ ಬರಬೇಕು. ಬೇಯಿಸಿದ ಪದಾರ್ಥ, ಚೀಸ್, ಪನೀರ್, ಮೊಟ್ಟೆ ಅಥವಾ ಕೋಳಿ ಇರುವ ಸ್ಯಾಂಡ್‌ವಿಚ್ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಹೆಚ್ಚು ಹೊತ್ತು ಉಳಿದರೆ ಅದರಲ್ಲಿ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುತ್ತವೆ. ಸಾಮಾನ್ಯ ಹವೆಯಲ್ಲಿ 2 ಗಂಟೆ, ಬಿಸಿಲಿಗೆ ಕಾದ ಕಾರಿನೊಳಗೆ 1 ಗಂಟೆ ಎಂಬುದನ್ನು ಮಿತಿಯಾಗಿ ಇಟ್ಟುಕೊಳ್ಳಬೇಕು. ಮಧ್ಯಾಹ್ನ 1 ಗಂಟೆಗೆ ತಿನ್ನುವ ತಿಂಡಿಯನ್ನು ಬೆಳಿಗ್ಗೆ 8ಕ್ಕೆ ಕೊಳ್ಳುವುದು ಮುಂಜಾಗ್ರತೆಯಂತೆ ಕಂಡರೂ ಅಪಾಯವೇ.

ಮುಂದಿನ ಲೆಕ್ಕ ಗ್ರಿಲ್‌ನದು. ಒಂದು ಗ್ರಿಲ್ ಸ್ಯಾಂಡ್‌ವಿಚ್ ಒತ್ತಿ ಬೇಯಲು ಸುಮಾರು 4ರಿಂದ 6 ನಿಮಿಷ ಬೇಕು. ಸಣ್ಣ ಅಂಗಡಿಯ ಯಂತ್ರದಲ್ಲಿ ಒಂದು ಸಲಕ್ಕೆ ಎರಡು ಅಥವಾ ನಾಲ್ಕು ಮಾತ್ರ ಕೂರುತ್ತವೆ. ಹನ್ನೆರಡು ಸ್ಯಾಂಡ್‌ವಿಚ್ ಎಂದರೆ ನಾಲ್ಕರ ಯಂತ್ರದಲ್ಲಿ ಮೂರು ಸರದಿ. ಹೆಚ್ಚುವುದು, ಸವರುವುದು, ಕಟ್ಟುವುದು ಎಲ್ಲ ಸೇರಿ ಅರ್ಧ ಗಂಟೆ ದಾಟುತ್ತದೆ. ಎದುರಿಗೆ ಕುಳಿತ ಗ್ರಾಹಕರ ಆರ್ಡರ್‌ಗಳು ಅದೇ ಯಂತ್ರಕ್ಕೆ ಕಾಯುತ್ತಿರುತ್ತವೆ ಎಂಬುದನ್ನು ಮರೆಯಬಾರದು. ಆ್ಯಪ್ ತೋರಿಸುವ ‘15 ನಿಮಿಷ’ ಒಂದೆರಡು ಸ್ಯಾಂಡ್‌ವಿಚ್‌ಗೆ ಹೊಂದುವ ಅಂದಾಜು. ದೊಡ್ಡ ಆರ್ಡರ್‌ಗೆ ಅಂಗಡಿಯವರ ಬಾಯಿಂದಲೇ ಸಮಯ ಕೇಳಿ, ಅದಕ್ಕೆ ಹತ್ತು ನಿಮಿಷ ಸೇರಿಸಿ ಪಿಕಪ್ ವೇಳೆ ನಿಗದಿ ಮಾಡಬೇಕು. ವೇಳೆ ಆರಿಸದೆ ಬಿಟ್ಟರೆ ಆ್ಯಪ್ ‘ಆದಷ್ಟು ಬೇಗ’ ಎಂದು ತಿಳಿದುಕೊಂಡು ತಕ್ಷಣವೇ ಮಾಡಿಸಿಬಿಡುತ್ತದೆ, ನೀವು ಹೋಗುವ ಹೊತ್ತಿಗೆ ತಿಂಡಿ ತಣ್ಣಗಾಗಿರುತ್ತದೆ.

ಊರಿನ ಕಾರಣಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಾರಾಂತ್ಯದಲ್ಲಿ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಕಡೆಗೆ ಹೊರಟ ವಾಹನಗಳು ಕೈಮರ ಚೆಕ್‌ಪೋಸ್ಟ್‌ನಲ್ಲಿ ಸಾಲು ನಿಲ್ಲುತ್ತವೆ. ಅಲ್ಲಿ ಕಳೆಯುವ ಹೊತ್ತು ಕೂಡ ಆ 2 ಗಂಟೆಯೊಳಗೇ ಸೇರಬೇಕು. ಹಾಸನದಲ್ಲಿ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಹಾಸನಾಂಬ ದೇವಾಲಯದ ಬಾಗಿಲು ತೆರೆದಿರುವ ದಿನಗಳಲ್ಲಿ ಪೇಟೆಯ ರಸ್ತೆಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದೇ ಕಷ್ಟವಾದ್ದರಿಂದ ಅಂಗಡಿಯ ಆಯ್ಕೆಯನ್ನೇ ಊರಿನ ಹೊರಭಾಗಕ್ಕೆ ಬದಲಿಸುವುದು ಒಳಿತು. ಇನ್ನು ಮಳೆಗಾಲದಲ್ಲಿ ಮಲೆನಾಡಿನ ಕರೆಂಟನ್ನು ನೆಚ್ಚಿಕೊಳ್ಳುವಂತಿಲ್ಲ. ವಿದ್ಯುತ್ ಗ್ರಿಲ್ ಮಾತ್ರ ಇರುವ ಅಂಗಡಿ ಆಗ ಕೈಚೆಲ್ಲುತ್ತದೆ. ಗ್ಯಾಸ್ ಒಲೆಯ ಮೇಲೆ ಕಾವಲಿ ಇಟ್ಟು ಟೋಸ್ಟ್ ಮಾಡುವ ಬೇಕರಿ ಕೆಲಸ ಮುಂದುವರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೊಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಸೂಕ್ತ.

ಹಂತ 5: ದಾರಿಯಲ್ಲಿ ಕೆಡದ ಸ್ಯಾಂಡ್‌ವಿಚ್ ಆರಿಸುವುದು

ಅಂಗಡಿಯಲ್ಲೇ ಕೂತು ತಿನ್ನಲು ಚೆನ್ನಾಗಿರುವುದೆಲ್ಲವೂ ಪಾರ್ಸಲ್‌ಗೆ ಚೆನ್ನಾಗಿರುವುದಿಲ್ಲ. ಬಿಸಿಯಾದ ಗ್ರಿಲ್ ಸ್ಯಾಂಡ್‌ವಿಚ್ಚನ್ನು ಕೂಡಲೇ ಸಿಲ್ವರ್ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿದರೆ ಒಳಗಿನ ಆವಿ ಹೊರಹೋಗಲು ದಾರಿಯಿಲ್ಲದೆ ನೀರಾಗಿ ಬ್ರೆಡ್ಡಿಗೇ ಇಳಿಯುತ್ತದೆ. ಹತ್ತೇ ನಿಮಿಷದಲ್ಲಿ ಗರಿಗರಿ ಹೋಗಿ ಹಸಿ ಹಿಟ್ಟಿನಂತಾಗುತ್ತದೆ. ಸೂಚನೆಯ ಜಾಗದಲ್ಲಿ ‘ಎರಡು ನಿಮಿಷ ಆರಿಸಿ, ಬಟರ್ ಪೇಪರ್‌ನಲ್ಲಿ ಕಟ್ಟಿ’ ಎಂದು ಬರೆಯುವುದರಿಂದ ಬಹಳಷ್ಟು ವ್ಯತ್ಯಾಸವಾಗುತ್ತದೆ.

ತಣ್ಣನೆಯ ತರಕಾರಿ ಸ್ಯಾಂಡ್‌ವಿಚ್‌ನ ಶತ್ರು ಸೌತೆಕಾಯಿ ಮತ್ತು ಟೊಮೆಟೊ. ಅವುಗಳ ಮೇಲೆ ಉಪ್ಪು ಬಿದ್ದ ಕೂಡಲೇ ನೀರು ಬಿಡಲು ತೊಡಗುತ್ತವೆ. ಎರಡೂ ಬ್ರೆಡ್ಡುಗಳ ಒಳಮೈಗೆ ಅಂಚಿನವರೆಗೆ ಬೆಣ್ಣೆ ಸವರಿದ್ದರೆ ಆ ಕೊಬ್ಬಿನ ಪದರ ನೀರನ್ನು ತಡೆಯುತ್ತದೆ. ಒಂದೇ ಬ್ರೆಡ್ಡಿಗೆ ಸವರಿದ್ದರೆ ಇನ್ನೊಂದು ಕಡೆಯಿಂದ ಒದ್ದೆಯಾಗುತ್ತದೆ. ಹಸಿರು ಚಟ್ನಿಯನ್ನು ಬೇರೆ ಡಬ್ಬಿಯಲ್ಲಿ ಕೊಡಲು ಕೇಳಿ ತಿನ್ನುವ ಮುನ್ನ ಹಚ್ಚಿಕೊಳ್ಳುವುದು ಒಂದು ಗಂಟೆಯ ಮೇಲ್ಪಟ್ಟ ಪ್ರಯಾಣಕ್ಕೆ ಒಳ್ಳೆಯದು. ಒತ್ತಿಟ್ಟ ಆಲೂಗೆಡ್ಡೆ ಮಸಾಲೆಯ ಸ್ಯಾಂಡ್‌ವಿಚ್ ಇವೆಲ್ಲಕ್ಕಿಂತ ಗಟ್ಟಿ. ದಾರಿಯ ತಿಂಡಿಗೆ ನನ್ನ ಮತ ಅದಕ್ಕೇ. ಚೀಸ್ ತುಂಬಿದ್ದನ್ನು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಗಾಳಿಯಲ್ಲಿ ಬಿಚ್ಚಿದರೆ ಅಷ್ಟರಲ್ಲಿ ಅದು ರಬ್ಬರಿನಂತೆ ಬಿಗಿದಿರುತ್ತದೆ. ಮೊಟ್ಟೆಯ ಮೇಯನೇಸ್ ಇರುವುದನ್ನು ಮಂಜುಗಡ್ಡೆಯ ಡಬ್ಬಿ ಇಲ್ಲದೆ ಒಯ್ಯಬಾರದು.

ಮೆನುವಿನ ಹೆಸರಿಗೂ ಗಮನ ಬೇಕು. ಬೇಕರಿಗಳಲ್ಲಿ ಈರುಳ್ಳಿ, ಕ್ಯಾರೆಟ್ ಮಸಾಲೆ ಹಾಕಿದ ‘ಖಾರಾ ಟೋಸ್ಟ್’ ಕೂಡ ಕೆಲವು ಕಡೆ ಸ್ಯಾಂಡ್‌ವಿಚ್ ಪಟ್ಟಿಯೊಳಗೇ ಇರುತ್ತದೆ. ಅದು ಬಾಯಿ ತೆರೆದಿರುವ ತಿಂಡಿ, ಪೊಟ್ಟಣದಲ್ಲಿ ಮಸಾಲೆ ಒಂದು ಕಡೆ, ಬ್ರೆಡ್ ಒಂದು ಕಡೆ ಆಗುತ್ತದೆ. ಚಿತ್ರ ನೋಡದೆ ಆರಿಸಬಾರದು. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ ಇರುತ್ತದೆ. ಮೊಟ್ಟೆ ಸೇರಿದ್ದು ಈ ಎರಡನೆಯ ಗುಂಪಿನಲ್ಲಿಯೇ ಬರುತ್ತದೆ.

ಹಂತ 6: ಸೂಚನೆ ಬರೆಯುವ ರೀತಿ

‘ಎರಡು ಈರುಳ್ಳಿ ಇಲ್ಲದೆ’ ಎಂದು ಬರೆದರೆ ಐದು ಸ್ಯಾಂಡ್‌ವಿಚ್‌ಗಳಲ್ಲಿ ಯಾವ ಎರಡು ಎಂಬುದು ಅಡುಗೆಮನೆಗೆ ಹೇಗೆ ತಿಳಿಯಬೇಕು? ನೀವು ಬರೆದದ್ದು ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯ (ಕೆಒಟಿ) ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿ ಗ್ರಿಲ್ ಮುಂದೆ ನಿಂತವರ ಕೈಗೆ ಹೋಗುತ್ತದೆ, ಅವರು ಅದನ್ನು ಓದಲು ಎರಡು ಕ್ಷಣ ಕೊಡುತ್ತಾರೆ. ಆದ್ದರಿಂದ ಬದಲಾವಣೆ ಬೇಕಿರುವುದನ್ನು ಪ್ರತ್ಯೇಕ ಸಾಲಾಗಿಯೇ ಬುಟ್ಟಿಗೆ ಸೇರಿಸಿ, ಆ ಸಾಲಿನ ಕೆಳಗೇ ಸೂಚನೆ ಕೊಡಬೇಕು. ಮೊದಲು ‘ವೆಜ್ ಗ್ರಿಲ್, 3’, ಬಳಿಕ ಬೇರೆಯಾಗಿ ‘ವೆಜ್ ಗ್ರಿಲ್, 2, ಈರುಳ್ಳಿ ಬೇಡ’ ಎಂದಿದ್ದರೆ ಗೊಂದಲಕ್ಕೆ ಎಡೆಯಿಲ್ಲ. ‘ಸ್ವಲ್ಪ ಖಾರ ಕಡಿಮೆ ಇದ್ದರೆ ಚೆನ್ನಾಗಿರುತ್ತದೆ, ಮಕ್ಕಳಿಗೆ’ ಎಂಬಂತಹ ಪತ್ರಗಳನ್ನು ಅಲ್ಲಿ ಬರೆಯಬಾರದು. ‘ಹಸಿಮೆಣಸು ಬೇಡ’ ಸಾಕು.

ಜೈನ ಆಹಾರ ಬೇಕಿದ್ದರೆ ‘ಜೈನ್’ ಎಂಬ ಒಂದೇ ಪದವನ್ನು ನಂಬಬಾರದು. ಶ್ರವಣಬೆಳಗೊಳದ ಯಾತ್ರಿಕರ ಓಡಾಟವಿರುವ ಹಾಸನದ ಕೆಲವು ಅಂಗಡಿಗಳಿಗೆ ಅದರ ಅರ್ಥ ಗೊತ್ತಿರಬಹುದು. ಎಲ್ಲರಿಗೂ ಗೊತ್ತಿರುತ್ತದೆ ಎನ್ನಲಾಗದು. ‘ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಬೇಡ’ ಎಂದು ಬಿಡಿಸಿ ಬರೆದು, ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. ಕಡಲೆಕಾಯಿ, ಹಾಲು, ಗೋಧಿಯ ಅಲರ್ಜಿ ಇರುವವರು ಈ ಸೂಚನೆಯ ಜಾಗವನ್ನು ನೆಚ್ಚಿಕೊಳ್ಳಲೇಬಾರದು. ಕರೆ ಮಾಡಿ, ಒಂದೇ ಚಾಕು ಮತ್ತು ಒಂದೇ ಗ್ರಿಲ್ ಬಳಸುತ್ತಾರೆಯೇ ಎಂದು ವಿಚಾರಿಸಬೇಕು.

ಹಂತ 7: ಹಣ

ಪಾವತಿಯ ಗುಂಡಿ ಒತ್ತುವ ಮುನ್ನ ಬಿಲ್‌ನ ಪ್ರತಿ ಸಾಲನ್ನೂ ಓದಬೇಕು. ಜಿಎಸ್‌ಟಿ ಸಾಮಾನ್ಯವಾಗಿ ಶೇ 5. ಪ್ಯಾಕಿಂಗ್ ಶುಲ್ಕ ಇರಬಹುದು. ಕೇಳದೆಯೇ ಗುರುತು ಹಾಕಿರುವ ದೇಣಿಗೆ ಅಥವಾ ಟಿಪ್ಸ್ ಇದ್ದರೆ ತೆಗೆಯಬಹುದು.

ಯುಪಿಐ ಮೂಲಕ ಹಣ ಕಡಿತವಾಗಿಯೂ ಪರದೆ ‘ವಿಫಲ’ ಎಂದೋ ಸುಮ್ಮನೆ ತಿರುಗುತ್ತಲೋ ಇದ್ದರೆ ಗಾಬರಿಯಿಂದ ಮತ್ತೊಮ್ಮೆ ಕಟ್ಟಬಾರದು. ಮೊದಲು ಆ್ಯಪ್‌ನಲ್ಲಿ ‘ನನ್ನ ಆರ್ಡರ್‌ಗಳು’ ಪುಟ ನೋಡಿ, ಬಳಿಕ ಅಂಗಡಿಗೆ ಕರೆ ಮಾಡಿ, ಯುಪಿಐ ವಹಿವಾಟನ್ನು ಗುರುತಿಸುವ 12 ಅಂಕಿಗಳ ಯುಟಿಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅಂಗಡಿಗೆ ದೃಢೀಕರಣ ತಲುಪದ ಇಂತಹ ಪಾವತಿಯನ್ನು ವಹಿವಾಟಿನ ದಿನದ ನಂತರ 5 ದಿನಗಳೊಳಗೆ ತಾನಾಗಿಯೇ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿಯೇ ನಿಯಮ ಮಾಡಿದೆ. ಬ್ಯಾಂಕಿಗೆ ದೂರು ಕೊಡುವಾಗ ಆ ಯುಟಿಆರ್ ಬೇಕಾಗುತ್ತದೆ.

ಎಚ್ಚರಿಕೆಯ ಗುರುತು ಒಂದಿದೆ: ‘ಹಣ ವಾಪಸ್ ಕಳುಹಿಸುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದು ಯಾರಾದರೂ ಕರೆ ಮಾಡಿದರೆ ಅದು ಮೋಸವೇ. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಾಗುವುದಿಲ್ಲ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಂತ 8: ಅಂಗಡಿಯ ಒಪ್ಪಿಗೆ

ಆರಂಭದಲ್ಲಿ ಹೇಳಿದ ಜಗಳ ಹುಟ್ಟುವುದು ಇಲ್ಲಿ. ‘ಪಾವತಿ ಯಶಸ್ವಿ’ ಎಂಬ ಹಸಿರು ಗುರುತು ಬ್ಯಾಂಕಿನ ಮಾತು. ‘ಆರ್ಡರ್ ಸ್ವೀಕರಿಸಲಾಗಿದೆ’ ಎಂಬ ಸಾಲು, ಆರ್ಡರ್ ಸಂಖ್ಯೆ ಮತ್ತು ಪಿಕಪ್ ವೇಳೆ ಈ ಮೂರೂ ಒಟ್ಟಿಗೆ ಕಂಡಾಗ ಮಾತ್ರ ಅಂಗಡಿ ಒಪ್ಪಿದೆ ಎಂದು ತಿಳಿಯಬೇಕು. ವಾಟ್ಸ್‌ಆ್ಯಪ್‌ನಲ್ಲಾದರೆ ಎರಡು ನೀಲಿ ಗೀರುಗಳು ಓದಿದ್ದಕ್ಕೆ ಸಾಕ್ಷಿಯೇ ಹೊರತು ಒಪ್ಪಿದ್ದಕ್ಕಲ್ಲ, ‘ಆಯ್ತು, 9.30ಕ್ಕೆ ಬನ್ನಿ’ ಎಂಬ ಉತ್ತರ ಬರಬೇಕು.

ಹತ್ತು ನಿಮಿಷವಾದರೂ ‘ಪೆಂಡಿಂಗ್’ ಎಂದೇ ಇದ್ದರೆ, ಸಿದ್ಧವಾಗುವ ವೇಳೆ ಪದೇ ಪದೇ ಮುಂದಕ್ಕೆ ಜರುಗುತ್ತಿದ್ದರೆ, ಅಂಗಡಿಯ ಫೋನ್ ಯಾರೂ ಎತ್ತದಿದ್ದರೆ ಮನೆಯಿಂದ ಹೊರಡುವ ಮೊದಲೇ ರದ್ದು ಮಾಡಿ ಬೇರೆ ಅಂಗಡಿ ಹಿಡಿಯುವುದು ಜಾಣತನ. ಅಂಗಡಿ ಒಪ್ಪಿಕೊಂಡ ಮೇಲೆ ರದ್ದು ಮಾಡಿದರೆ ಹಣ ಪೂರ್ತಿ ಮರಳದಿರಬಹುದು. ಒಪ್ಪಿಗೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ನಮ್ಮ ಭಾಗದಲ್ಲಿ ಅಗತ್ಯ. ಎಸ್ಟೇಟ್ ನಡುವಿನ ರಸ್ತೆಗಳಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಆ್ಯಪ್ ಬಿಳಿ ಪರದೆಯನ್ನಷ್ಟೇ ತೋರಿಸುತ್ತದೆ.

ಹಂತ 9: ಕೌಂಟರ್‌ನಲ್ಲಿ

ನಿಗದಿತ ವೇಳೆಗೆ ಐದು ನಿಮಿಷ ಮೊದಲು ತಲುಪಬೇಕು. ಊಟಕ್ಕೆ ಕೂರುವವರ ಸಾಲಿನಲ್ಲಿ ನಿಲ್ಲದೆ ಪಾರ್ಸಲ್ ಕೊಡುವ ಜಾಗ ಯಾವುದೆಂದು ಕೇಳಿ, ‘ಅಣ್ಣ, ಆನ್‌ಲೈನ್ ಪಾರ್ಸಲ್, ನಂಬರ್ 47, ಐದು ಸ್ಯಾಂಡ್‌ವಿಚ್’ ಎಂದು ಸಂಖ್ಯೆಯನ್ನೇ ಹೇಳಬೇಕು. ಹೆಸರು ಹೇಳಿದರೆ ಅದೇ ಹೆಸರಿನ ಇನ್ನೊಬ್ಬರ ಪೊಟ್ಟಣ ಕೈಗೆ ಬರಬಹುದು. ನಿಮ್ಮ ಬದಲು ಬೇರೆಯವರು ಹೋಗುತ್ತಿದ್ದರೆ ಸ್ಕ್ರೀನ್‌ಶಾಟ್ ಜೊತೆಗೆ ಪಿಕಪ್ ಒಟಿಪಿಯನ್ನೂ ಅವರಿಗೆ ಕಳುಹಿಸಿರಬೇಕು.

ಪೊಟ್ಟಣವನ್ನು ಅಲ್ಲಿಯೇ ಬಿಚ್ಚಿ ಎಣಿಸಲು ಸಂಕೋಚಪಡಬಾರದು. ಈರುಳ್ಳಿ ಇಲ್ಲದ್ದು, ಮೊಟ್ಟೆ ಇರುವುದು ಯಾವುವೆಂದು ಕೇಳಿ, ಕೌಂಟರ್‌ನಲ್ಲಿರುವ ಪೆನ್ನಿನಿಂದ ಕಾಗದದ ಮೇಲೆ ಗುರುತು ಹಾಕಿಸಿಕೊಳ್ಳಬೇಕು. ತಪ್ಪಿದ್ದರೆ ಆಗಲೇ ಹೇಳಿದರೆ ಸರಿಪಡಿಸಿ ಕೊಡುತ್ತಾರೆ. ಮೂಡಿಗೆರೆ ತಲುಪಿ ಫೋನ್ ಮಾಡಿದರೆ ಅವರಿಗೂ ಮಾಡಲು ಏನೂ ಉಳಿದಿರುವುದಿಲ್ಲ. ಕೊರತೆಯನ್ನು ಒಪ್ಪದೇ ಇದ್ದಲ್ಲಿ ಫೋಟೊ ಮತ್ತು ಬಿಲ್ ಸಹಿತ ಆ್ಯಪ್‌ನ ಸಹಾಯ ವಿಭಾಗಕ್ಕೆ, ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಪ್ಲಾಸ್ಟಿಕ್ ಚಮಚ, ತಟ್ಟೆ, ಸ್ಟ್ರಾಗಳ ಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿರುವುದರಿಂದ ಅವನ್ನು ಕೇಳುವ ಬದಲು ಬಟ್ಟೆಯ ಚೀಲ ಮತ್ತು ಸ್ಟೀಲ್ ಚಮಚ ಒಯ್ಯಬೇಕು.

ಗಾಡಿಯಲ್ಲಿ ಪೊಟ್ಟಣವನ್ನು ಬಿಸಿಲು ಬೀಳುವ ಗಾಜಿನ ಮುಂದೆ ಇಡಬಾರದು, ಒಂದರ ಮೇಲೊಂದು ಪೇರಿಸಿ ಮೇಲೆ ನೀರಿನ ಬಾಟಲಿ ಹೇರಲೂಬಾರದು. ಗ್ರಿಲ್ ಮಾಡಿದ್ದರ ಚೀಲದ ಬಾಯಿಯನ್ನು ಮಳೆಯಿಲ್ಲದಿದ್ದರೆ ತುಸು ತೆರೆದಿಡಬೇಕು. ಇಷ್ಟಾಗಿಯೂ ಮನೆ ತಲುಪುವಾಗ ಮೆತ್ತಗಾಗಿದ್ದರೆ ಮೈಕ್ರೋವೇವ್‌ಗೆ ಹಾಕಬೇಡಿ, ಅದರಲ್ಲಿ ಬ್ರೆಡ್ ಇನ್ನಷ್ಟು ನಾರಾಗುತ್ತದೆ. ದಪ್ಪ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ, ಮೇಲೊಂದು ಭಾರದ ತಟ್ಟೆಯಿಟ್ಟು ಒಂದೊಂದು ಮಗ್ಗುಲಿಗೂ ಎರಡು ನಿಮಿಷ ಬಿಸಿ ಮಾಡಿದರೆ ಗರಿಗರಿ ಬಹುಮಟ್ಟಿಗೆ ಮರಳುತ್ತದೆ.